ಚಹಾ ಅಗ್ಗವಾದರೂ ಸಿಟ್ಟು ಇಳಿಯಲಿಲ್ಲ

ಬಾಡಿಗೆ ಕರಾರಿಗೆ ಛಾಪಾ ಕಾಗದ ಬೇಕೆಂದಾಗಲೆಲ್ಲ ಜಯನಗರದ ಕ್ಯೂನಲ್ಲಿ ನಿಂತು ಗೊಣಗುವವಳು ನಾನು. ಆದರೆ 1765ರಲ್ಲಿ ಅಮೆರಿಕದ ವಸಾಹತುಗಳ ಮೇಲೆ ಬ್ರಿಟಿಷರು ಹೇರಿದ ಸ್ಟಾಂಪ್ ಕಾಯ್ದೆ ಪತ್ರಿಕೆ, ಪಂಚಾಂಗ, ಕೊನೆಗೆ ಇಸ್ಪೀಟೆಲೆಯನ್ನೂ ಬಿಟ್ಟಿರಲಿಲ್ಲ! ಕೇಳೋಣವೆಂದರೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವರ ಪ್ರತಿನಿಧಿ ಒಬ್ಬನೂ ಇಲ್ಲ. ಬ್ರಿಟಿಷ್ ಸರಕಿನ ಬಹಿಷ್ಕಾರಕ್ಕೆ ಮಣಿದು ಮರುವರ್ಷ ಕಾಯ್ದೆ ರದ್ದಾಯಿತು, ತೆರಿಗೆಯ ಚಪಲ ಹೋಗಲಿಲ್ಲ.

ನನಗೆ ಮಜಾ ಅನಿಸುವುದು 1773ರ ಕಥೆ. ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ರಾಶಿ ಬಿದ್ದಿದ್ದ ಚಹಾವನ್ನು ಅಗ್ಗದಲ್ಲಿ ಅಲ್ಲಿಗೆ ಸಾಗಿಸಿದರು, ಒಂದು ಪೌಂಡ್ ತೂಕಕ್ಕೆ 3 ಪೆನ್ನಿ ಸುಂಕ ಮಾತ್ರ ಬಿಡಲಿಲ್ಲ. ಬೋಸ್ಟನ್ನಿನವರು ಮರುಳಾಗುತ್ತಾರೆಯೇ? ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಒಡೆದು ಸಮುದ್ರಕ್ಕೆ ಸುರಿದರು.

ಈ ಸಿಟ್ಟೇ ಬೆಳೆದು ಸ್ವಾತಂತ್ರ್ಯ ಯುದ್ಧವಾಯಿತು. ಅಂದಹಾಗೆ, ಆ ಯುದ್ಧದಲ್ಲಿ 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಸಾಹೇಬನೇ 1791ರಲ್ಲಿ ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆ ಹಿಡಿದದ್ದು.