ತಂಗಿಯ ಮದುವೆ ಮೇಕಪ್ ಡೈರಿ: ಮೊಡವೆ ಮೊದಲು, ಬಣ್ಣ ಆಮೇಲೆ

ಅಕ್ಟೋಬರ್, ದಸರಾ ಮುಗಿದ ವಾರ

ಮದುವೆ ಫೆಬ್ರವರಿಯಲ್ಲಿ, ಶಿವಮೊಗ್ಗದಲ್ಲಿ. ಮೇಕಪ್ ನಾನೇ ಮಾಡುತ್ತೇನೆ ಅಂತ ಮನೆಯಲ್ಲಿ ಎಲ್ಲರನ್ನೂ ಒಪ್ಪಿಸಿದ್ದೇನೆ. ಸೀಮಂತ, ನಾಮಕರಣಗಳಿಗೆ ಗೆಳತಿಯರಿಗೆ ಮಾಡಿದ ಅಭ್ಯಾಸ ಇದೆ. ಧಾರೆ ಮತ್ತು ಆರತಕ್ಷತೆ ಎರಡನ್ನೂ ಹಿಡಿದದ್ದು ಇದೇ ಮೊದಲು.

ತಂಗಿಯ ಮುಖ ನೋಡಿ ಒಂದು ನಕ್ಷೆ ಬರೆದುಕೊಂಡೆ. ಹಣೆ, ಮೂಗು ಚೆನ್ನಾಗಿವೆ. ತೊಂದರೆ ಎಲ್ಲ ಗದ್ದ ಮತ್ತು ದವಡೆಯ ಅಂಚಿನಲ್ಲಿ. ಒಳಗೇ ಗಟ್ಟಿಯಾಗಿ ಕೂತ, ಒತ್ತಿದರೆ ನೋಯುವ ಗುಳ್ಳೆಗಳು. ಪಿರಿಯಡ್ಸ್‌ಗೆ ಒಂದು ವಾರ ಇರುವಾಗ ಏಳುತ್ತವೆ, ಆಮೇಲೆ ನಿಧಾನಕ್ಕೆ ಇಳಿದು ಕಂದು ಕಲೆ ಬಿಟ್ಟು ಹೋಗುತ್ತವೆ. ಹಾರ್ಮೋನ್ ಮೊಡವೆ ಹೀಗೇ ಬರುತ್ತದೆ. ಆಂಡ್ರೊಜನ್ ಹಾರ್ಮೋನ್ ಚರ್ಮದ ಎಣ್ಣೆ ಗ್ರಂಥಿಗಳನ್ನು ಕೆರಳಿಸುತ್ತದೆ, ರಂಧ್ರ ಕಟ್ಟಿಕೊಳ್ಳುತ್ತದೆ, ಉರಿಯೂತ ಶುರುವಾಗುತ್ತದೆ.

ಈ ಡೈರಿಯ ಗುರಿ ಇವತ್ತೇ ಬರೆದಿಡುತ್ತೇನೆ. ಕಲೆಯ ಬಣ್ಣವನ್ನು ಮೇಕಪ್ ಮುಚ್ಚುತ್ತದೆ, ಉಬ್ಬನ್ನು ಮುಚ್ಚುವುದಿಲ್ಲ. ಆದ್ದರಿಂದ ಫೆಬ್ರವರಿ ಹೊತ್ತಿಗೆ ಅವಳ ಮುಖ ಬೆಳ್ಳಗಾಗಬೇಕಿಲ್ಲ, ಸಮತಟ್ಟಾದರೆ ಸಾಕು. ಉಳಿದದ್ದು ನನ್ನ ಬ್ರಷ್‌ನ ಕೆಲಸ.

ಅಕ್ಟೋಬರ್ ಕೊನೆ

ಸ್ಕಿನ್ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಪಿರಿಯಡ್ಸ್ ಸರಿಯಾಗಿ ಬರುತ್ತಾ, ಮುಖದಲ್ಲಿ ಕೂದಲು ಜಾಸ್ತಿ ಇದೆಯಾ, ತಲೆಗೂದಲು ಉದುರುತ್ತಾ ಅಂತ ಮೊದಲು ಕೇಳಿದರು. ಪಿಸಿಒಎಸ್, ಅಂದರೆ ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು, ಇದ್ದರೆ ಹಾಗೆ ಆಗುತ್ತದಂತೆ. ರಕ್ತ ಪರೀಕ್ಷೆ ನಾರ್ಮಲ್ ಬಂತು. ಅಮ್ಮನಿಗೆ ಆಶ್ಚರ್ಯ. ಡಾಕ್ಟರ್ ಬಿಡಿಸಿ ಹೇಳಿದರು: ಎಷ್ಟೋ ಹೆಣ್ಣುಮಕ್ಕಳಿಗೆ ರಕ್ತದಲ್ಲಿ ಹಾರ್ಮೋನ್ ಸರಿಯಾಗಿಯೇ ಇರುತ್ತದೆ, ಚರ್ಮದ ಗ್ರಂಥಿಗಳೇ ಅದಕ್ಕೆ ಸೂಕ್ಷ್ಮವಾಗಿರುತ್ತವೆ.

ಕೊಟ್ಟದ್ದು ಇಷ್ಟೇ. ರಾತ್ರಿ ರಂಧ್ರ ಕಟ್ಟದಂತೆ ನೋಡಿಕೊಳ್ಳುವ ಅಡಾಪಲೀನ್ 0.1% ಜೆಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಪೂರ್ತಿ ಒಣಗಿದ ಚರ್ಮದ ಮೇಲೆ. ಬೆಳಿಗ್ಗೆ ಮೊಡವೆಯ ಬ್ಯಾಕ್ಟೀರಿಯಾ ಕೊಲ್ಲುವ ಬೆಂಜಾಯ್ಲ್ ಪೆರಾಕ್ಸೈಡ್ 2.5%. 5 ಅಥವಾ 10% ಹಚ್ಚಿದರೆ ಉರಿ ಜಾಸ್ತಿ ಆಗುತ್ತದೆಯೇ ಹೊರತು ಗುಣ ಅಷ್ಟೇನೂ ಜಾಸ್ತಿ ಆಗಲ್ಲ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ, ಹಾಗಾಗಿ ಅವಳಿಗೆ ಬಿಳಿ ಟವೆಲ್, ಬಿಳಿ ದಿಂಬಿನ ಕವರ್ ಕೊಟ್ಟಿದ್ದೇನೆ. ಸನ್‌ಸ್ಕ್ರೀನ್ ತಪ್ಪಿಸುವಂತಿಲ್ಲ. ಬಿಸಿಲು ಬಿದ್ದರೆ ನಮ್ಮಂಥ ಕಂದು ಚರ್ಮದಲ್ಲಿ ಕಲೆ ಇನ್ನಷ್ಟು ಗಾಢವಾಗುತ್ತದೆ.

ಆಂಡ್ರೊಜನ್ ಪರಿಣಾಮ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯ ಮಾತೂ ಬಂತು. ಅದು ಕೆಲಸ ಮಾಡಲು ತಿಂಗಳುಗಳು ಬೇಕು, ಬಸಿರಾಗುವ ಸಾಧ್ಯತೆ ಇದ್ದರೆ ತೆಗೆದುಕೊಳ್ಳಬಾರದು. ಎದುರಿಗೆ ಮದುವೆ ಇದೆ ಅಲ್ವಾ, ಬೇಡ ಅಂದರು. ಜೆಲ್‌ನ ಪೂರ್ತಿ ಫಲ ಕಾಣಲು ಹನ್ನೆರಡು ವಾರ ಬೇಕು. ಅದಕ್ಕೇ ಅಕ್ಟೋಬರ್‌ನಲ್ಲೇ ಹೊರಟದ್ದು.

ನವೆಂಬರ್

ಚರ್ಮ ಸಿಪ್ಪೆ ಏಳುತ್ತಿದೆ. ಮೊಡವೆ ಮೊದಲಿಗಿಂತ ಸ್ವಲ್ಪ ಜಾಸ್ತಿ. ಶುರುವಿನ ವಾರಗಳಲ್ಲಿ ಹೀಗಾಗುವುದುಂಟು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಜೆಲ್ ಈಗ ದಿನ ಬಿಟ್ಟು ದಿನ, ಅದರ ಮೇಲೆ ಸಾದಾ ಮಾಯಿಶ್ಚರೈಸರ್.

ಡಿಸೆಂಬರ್, ಎರಡನೇ ವಾರ

ಹೊಸ ಗುಳ್ಳೆಗಳು ಕಡಿಮೆಯಾಗಿವೆ. ಫೋಟೊ ಪಕ್ಕ ಪಕ್ಕ ಇಟ್ಟರೆ ದವಡೆಯ ಗೆರೆ ಸ್ಪಷ್ಟ ಕಾಣುತ್ತಿದೆ. ತುಂಬ ಖುಷಿಯಾಯಿತು.

ಅದೇ ಹೊತ್ತಿಗೆ ನೆಂಟರೊಬ್ಬರು ಮೆಡಿಕಲ್ ಶಾಪ್‌ನಿಂದ ಒಂದು ಟ್ಯೂಬ್ ತಂದುಕೊಟ್ಟರು. ಹದಿನೈದು ದಿನದಲ್ಲಿ ಮುಖ ಹೊಳೆಯುತ್ತದೆ ಅಂದರು. ಕವರ್ ಓದಿದೆ. ಮೊಮೆಟಾಸೋನ್, ಹೈಡ್ರೊಕ್ವಿನೋನ್, ಟ್ರೆಟಿನಾಯಿನ್. ಮೊದಲನೆಯದು ಸ್ಟೀರಾಯ್ಡ್. ಇದನ್ನು ಹಚ್ಚಿದರೆ ಮೊದಮೊದಲು ಮುಖ ನಿಜವಾಗಿಯೂ ತಿಳಿಯಾಗುತ್ತದೆ, ಅಪಾಯ ಇರುವುದೇ ಅಲ್ಲಿ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ಕೆಂಪಗಾಗುತ್ತದೆ. ನಿಲ್ಲಿಸಿದ ಕೂಡಲೇ ಮೊಡವೆ ಗುಂಪುಗುಂಪಾಗಿ ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಆದರೂ ಮದುಮಗಳ ಕೈಗೆ ಇವು ಸುಲಭವಾಗಿ ಬಂದುಬಿಡುತ್ತವೆ. ಮನೆಯಲ್ಲಿ ಮದುವೆ ಇರುವವರು ದಯವಿಟ್ಟು ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ. ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿ ಅನ್ನುವ ಸಲಹೆಗಳೂ ಬಂದವು. ಅವು ಸುಮ್ನೆ ಚರ್ಮ ಸುಡುತ್ತವೆ.

ಜನವರಿ, ಸಂಕ್ರಾಂತಿ ಆದ ಮೇಲೆ

ಮೊದಲ ಟ್ರಯಲ್. ಕಿಟಕಿ ಬೆಳಕಲ್ಲಿ, ಟ್ಯೂಬ್‌ಲೈಟ್‌ನಲ್ಲಿ, ವಿಡಿಯೊದವರು ಹಿಡಿಯುವಂಥ ಎಲ್ಇಡಿ ಬೆಳಕಲ್ಲಿ ಒಂದೇ ಮುಖವನ್ನು ನೋಡಿದೆವು.

ಕಂದು ಕಲೆಯ ಮೇಲೆ ನೇರ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಾಕಿದರೆ ಬೂದಿ ಬಣ್ಣ ಬರುತ್ತದೆ. ಮೊದಲು ಕಲೆಯ ಬಣ್ಣವನ್ನು ತಗ್ಗಿಸುವ ಪೀಚ್ ಬಣ್ಣದ ಕರೆಕ್ಟರ್, ಕಲೆಯ ಮೇಲಷ್ಟೇ, ಸಣ್ಣ ಬ್ರಷ್‌ನಲ್ಲಿ. ಅವಳಿಗಿಂತ ಗಾಢ ಬಣ್ಣದವರಿಗೆ ಕಿತ್ತಳೆ ಬೇಕಾಗುತ್ತದೆ. ಇನ್ನೂ ಕೆಂಪಗಿರುವ ಹೊಸ ಗುಳ್ಳೆಗೆ ಹಸಿರು, ಅದೂ ತೀರಾ ತೆಳುವಾಗಿ. ಮೇಲೆ ತೆಳು ಫೌಂಡೇಶನ್. ಆಮೇಲೆ ಬೇಕಾದ ಕಡೆ ಮಾತ್ರ ಕನ್ಸೀಲರ್, ಅದು ಚರ್ಮದ ಬಣ್ಣದ್ದೇ ಆಗಿರಬೇಕು. ಕಣ್ಣಿನ ಕೆಳಗೆ ಹಚ್ಚುವ ತಿಳಿ ಬಣ್ಣದ್ದು ಮೊಡವೆಯ ಮೇಲೆ ಬಂದರೆ ಅದನ್ನು ಎತ್ತಿ ತೋರಿಸುತ್ತದೆ. ಹಚ್ಚಿ ಒಂದು ನಿಮಿಷ ಬಿಟ್ಟು ಅಂಚನ್ನಷ್ಟೇ ತಟ್ಟಿ ಬೆರೆಸಬೇಕು. ಪೌಡರ್ ಉಜ್ಜಬಾರದು, ಪಫ್‌ನಲ್ಲಿ ಒತ್ತಬೇಕು. ಗದ್ದದ ಕಡೆ ಹೊಳಪು ಬೇಡ. ಉಬ್ಬಿನ ಮೇಲೆ ಹೊಳಪು ಕೂತರೆ ದೂರಕ್ಕೂ ಕಾಣುತ್ತದೆ.

ಈ ಟ್ರಯಲ್‌ನಲ್ಲಿ ನನಗೆ ದೊಡ್ಡ ವಿಷಯ ಅನ್ನಿಸಿದ್ದು ಬೆಳಕು. ಪಕ್ಕದಿಂದ ಬಿದ್ದರೆ ಚಿಕ್ಕ ಉಬ್ಬಿಗೂ ನೆರಳು ಬರುತ್ತದೆ. ಎದುರಿನಿಂದ ಮೆದುವಾಗಿ ಬಂದರೆ ಅದೇ ಉಬ್ಬು ಕಾಣಿಸುವುದೇ ಇಲ್ಲ. ಫೋಟೊಗ್ರಾಫರ್‌ಗೆ ಫೋನ್ ಮಾಡಿ, ಹತ್ತಿರದ ಚಿತ್ರಗಳಿಗೆ ಎದುರು ಬೆಳಕು ಇಡಿ ಅಂತ ಕೇಳಿಕೊಂಡೆ. ಒಪ್ಪಿದರು. ಬಿಳಿ ಎಚ್‌ಡಿ ಪೌಡರ್ ಪೆಟ್ಟಿಗೆಯಿಂದ ತೆಗೆದಿಟ್ಟೆ, ಫ್ಲ್ಯಾಶ್ ಬಿದ್ದಾಗ ಮುಖದಲ್ಲಿ ಬಿಳಿ ತೇಪೆ ಬರುತ್ತದೆ.

ಜನವರಿ ಕೊನೆ

ಕ್ಯಾಲೆಂಡರ್ ನೋಡಿದರೆ ಪಿರಿಯಡ್ಸ್ ಬರುವುದು ಮುಹೂರ್ತದ ದಿನವೇ. ಅಂದರೆ ಗುಳ್ಳೆ ಏಳುವ ವಾರ ಮದುವೆಗೆ ಸರಿಯಾಗಿ ಹಿಂದಿನದು. ಮುಂದೂಡುವ ಮಾತ್ರೆ ತೆಗೆದುಕೊಳ್ಳಲಿ ಅಂತ ಅಮ್ಮ. ತಂಗಿಗೂ ಬೇಕು, ಧಾರೆ ಸೀರೆ ಉಟ್ಟು ದಿನವಿಡೀ ಕೂರುವಾಗ ಹೊಟ್ಟೆನೋವು ಬೇಡ ಅಂದಳು. ಮಾತ್ರೆ ನೋರೆಥಿಸ್ಟಿರೋನ್. ಕೆಲವರಿಗೆ ಇದರಿಂದಲೇ ಮೊಡವೆ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಲ್ಲ. ಅಂಗಡಿಯಲ್ಲಿ ಕೇಳಿ ತರುವ ಬದಲು ಸ್ತ್ರೀರೋಗ ತಜ್ಞೆಗೆ ತೋರಿಸಿ, ಮೊಡವೆಯ ವಿಷಯವನ್ನೂ ಹೇಳಿ ಬರೆಸಿಕೊಂಡೆವು. ಬರುವ ದಿನಕ್ಕೆ ಮೂರು ದಿನ ಮುಂಚೆ ಶುರು ಮಾಡಲು ಹೇಳಿದ್ದಾರೆ.

ಪಾರ್ಲರ್‌ನಲ್ಲಿ ಫೇಶಿಯಲ್, ಬ್ಲೀಚ್ ಎರಡೂ ರದ್ದು. ಅಡಾಪಲೀನ್ ಹಚ್ಚುವ ಮುಖಕ್ಕೆ ವ್ಯಾಕ್ಸ್ ಹಾಕಿದರೆ ಸಿಪ್ಪೆಯೇ ಎದ್ದು ಬರಬಹುದು.

ಫೆಬ್ರವರಿ, ಮದುವೆಯ ವಾರ

ಗದ್ದದ ಎಡಕ್ಕೆ ಒಂದು ಬಂದೇ ಬಂತು. ಆಳದ್ದು, ನೋವಿನದು. ಹಿಂಡಲು ಬಿಡಲಿಲ್ಲ. ಡಾಕ್ಟರ್ ಅದರೊಳಗೆ ಟ್ರಯಾಮ್ಸಿನೊಲೋನ್ ತೆಳುಮಾಡಿ ಒಂದು ಹನಿ ಇಂಜೆಕ್ಷನ್ ಕೊಟ್ಟರು. ಎರಡು ಮೂರು ದಿನದಲ್ಲಿ ಇಳಿಯುತ್ತದೆ ಅಂದಿದ್ದರು, ಇಳಿಯಿತು. ಇದೂ ಸ್ಟೀರಾಯ್ಡೇ, ಆದರೆ ಒಂದೇ ಗುಳ್ಳೆಗೆ, ಒಂದೇ ಸಲ, ಡಾಕ್ಟರ್ ಕೈಯಲ್ಲಿ. ಪ್ರಮಾಣ ಹೆಚ್ಚಾದರೆ ಅಲ್ಲಿ ಗುಳಿ ಬೀಳಬಹುದು. ಹಾಗಾಗಿ ಮದುವೆಯ ಹಿಂದಿನ ದಿನಕ್ಕೆ ಕಾಯದೆ ಮೊದಲೇ ಹೋಗಿದ್ದು ಒಳ್ಳೆಯದಾಯಿತು.

ಅರಿಶಿನ ಶಾಸ್ತ್ರದ ಬಗ್ಗೆ ದೊಡ್ಡಮ್ಮನ ಜೊತೆ ಕೂತು ಮಾತಾಡಿದೆ. ಅರಿಶಿನದ ಹಳದಿ ಚರ್ಮದಲ್ಲಿ ಉಳಿದರೆ ಟ್ರಯಲ್‌ನಲ್ಲಿ ಹೊಂದಿದ ಫೌಂಡೇಶನ್ ಮರುದಿನ ಹೊಂದುವುದಿಲ್ಲ. ಎಣ್ಣೆ ಬೆರೆಸಿದರೆ ಮೊಡವೆಗೂ ಕಷ್ಟ. ಅವರು ಎಷ್ಟು ಚೆನ್ನಾಗಿ ನಡೆಸಿಕೊಟ್ಟರು! ಎಲ್ಲ ಮುತ್ತೈದೆಯರಿಗೂ ತಾವೇ ಹೇಳಿ, ಕೈಕಾಲಿಗೆ ಧಾರಾಳವಾಗಿ, ಕೆನ್ನೆಗೆ ಒಂದು ಬೆರಳು ಮಾತ್ರ ಮುಟ್ಟಿಸಿದರು. ಶಾಸ್ತ್ರವೂ ಉಳಿಯಿತು, ಮುಖವೂ ಉಳಿಯಿತು.

ಮದುವೆ ಆದ ಮೇಲೆ

ಧಾರೆಯ ಮೇಕಪ್ ಹೋಮದ ಹೊಗೆ, ಬೆವರು ಎರಡನ್ನೂ ತಡೆಯಿತು. ಬೆವರನ್ನು ಒರೆಸದೆ ಟಿಶ್ಯೂ ಒತ್ತಿ ತೆಗೆದೆ, ಅದರ ಮೇಲೆ ಪೌಡರ್. ಬಾಸಿಂಗದ ದಾರ ಉಜ್ಜಿದ ಕಡೆ ಹಣೆಯ ಪಕ್ಕ ಬಣ್ಣ ಹೋಯಿತು, ಅದನ್ನು ಆರತಕ್ಷತೆಗೆ ಮುಂಚೆ ತಿದ್ದಿದೆ. ಗದ್ದದ ಆ ಜಾಗ ಹತ್ತಿರದ ಫೋಟೊಗಳಲ್ಲೂ ಸಮ ಇದೆ. ವಿಡಿಯೊದಲ್ಲಿ ಒಂದು ಕಡೆ ಪೀಚ್ ಸ್ವಲ್ಪ ಇಣುಕುತ್ತದೆ. ಬೀಗರ ಊಟಕ್ಕೆ ಕರೆಕ್ಟರ್ ಇನ್ನೂ ತೆಳು ಮಾಡುತ್ತೇನೆ.

ಜೆಲ್ ಈಗಲೂ ನಡೆದಿದೆ. ಮದುವೆ ಮುಗಿಯಿತು ಅಂತ ನಿಲ್ಲಿಸಿದರೆ ಮೊಡವೆ ಮತ್ತೆ ಬರುತ್ತದೆ. ಮಗು ಬೇಕು ಅಂದುಕೊಂಡಾಗ ಮಾತ್ರ ಮೊದಲೇ ತಿಳಿಸಬೇಕು, ಆಗ ಅಡಾಪಲೀನ್ ಬಿಡಿಸಿ ಅಜಿಲೈಕ್ ಆಸಿಡ್‌ಗೆ ಬದಲಿಸುತ್ತಾರಂತೆ. ಅದು ಬಸಿರಲ್ಲೂ ಹಚ್ಚಬಹುದಾದದ್ದು, ಉಳಿದ ಕಲೆಗೂ ಒಳ್ಳೆಯದು. ಮುಂದಿನ ಭೇಟಿ ಮಾರ್ಚ್‌ನಲ್ಲಿ. ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗು ಅಂತ ತಂಗಿಗೆ ಹೇಳಿದ್ದೇನೆ.