ಪಾನಾ ಮೇಲಿನ ಬಾಣ: ಉಜ್ಜುವ ಮೊದಲು ಓದಿ

ಹಳೆಯ ಮಿಲಿಟರಿ ಜೀಪುಗಳನ್ನು ಮತ್ತೆ ಓಡುವಂತೆ ಮಾಡುವುದು ನನ್ನ ಕೆಲಸ. ಶೆಡ್ಡಿಗೆ ಗಾಡಿ ಬಂದರೆ ಎಲ್ಲರ ಕಣ್ಣು ಎಂಜಿನ್ ಮೇಲಿರುತ್ತದೆ, ನಾನು ಮೊದಲು ಬಿಚ್ಚುವುದು ಸೀಟಿನಡಿಯ ಟೂಲ್ ಬ್ಯಾಗು. ಹೊಸದಾಗಿ ಸೇರಿದ ಹುಡುಗರಿಗೆ ಒಂದೇ ಕಟ್ಟಪ್ಪಣೆ: ಗ್ರೈಂಡರಿಗೆ ವೈರ್ ಬ್ರಷ್ ಸಿಕ್ಕಿಸಿ ಹಳೆ ಪಾನಾ ಮುಟ್ಟಬೇಡಿ. ತುಕ್ಕಿನ ಜೊತೆ ಲೋಹದಲ್ಲಿ ಒತ್ತಿದ ಅಕ್ಷರ-ಗುರುತುಗಳ ಅಚ್ಚೂ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಸೀಮೆಎಣ್ಣೆಯಲ್ಲಿ ನೆನೆಸಿ, ನೈಲಾನ್ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿ, ಕತ್ತಲೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಮೇಲಿಂದ ಬಿದ್ದ ಬೆಳಕಿಗೆ ಕಾಣದ ಅಕ್ಷರ ಓರೆ ಬೆಳಕಿಗೆ ಎದ್ದು ನಿಲ್ಲುತ್ತದೆ. ಆಗಲೂ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಇನ್ನೊಂದು ಎಚ್ಚರಿಕೆ: ಯುದ್ಧಕಾಲದಲ್ಲಿ ಕ್ರೋಮಿಯಂ ಬಳಕೆಗೆ ಕಡಿವಾಣವಿದ್ದುದರಿಂದ ಅಮೆರಿಕದ ಎಷ್ಟೋ ಟೂಲುಗಳಿಗೆ ಕಪ್ಪು ಲೇಪ ಅಥವಾ ಕ್ಯಾಡ್ಮಿಯಂ ಲೇಪ ಕೊಟ್ಟಿದ್ದಾರೆ. ಕ್ಯಾಡ್ಮಿಯಂ ಧೂಳು ವಿಷ. ಅದನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಲೇಬಾರದು.

ಇನ್ನು ಬಾಣ. ಕೋಳಿ ಹೆಜ್ಜೆಯಂತೆ ಮೂರು ಗೆರೆಗಳ ಗುರುತು ಕಂಡರೆ ಸಾಕು, ಗುಜರಿಯವರು 'ಬ್ರಿಟಿಷ್, ಸೆಕೆಂಡ್ ವರ್ಲ್ಡ್ ವಾರ್' ಎಂದು ರೇಟು ಏರಿಸುತ್ತಾರೆ. ಬಾಣ ಹೇಳುವುದು ಒಂದೇ ಮಾತು: ಇದು ಸರ್ಕಾರದ ಸ್ವತ್ತು. ಬ್ರಿಟನ್ ಅದನ್ನು ಶತಮಾನಗಳ ಕಾಲ ಬಳಸಿದೆ, ಹಾಗಾಗಿ ಬರೀ ಬಾಣದಿಂದ ಕಾಲ ಹೇಳಲಾಗದು. ದೇಶವೂ ಅಷ್ಟೇ. ಬಾಣದ ಸುತ್ತ ಸಿ ಅಕ್ಷರ ಇದ್ದರೆ ಕೆನಡಾ, ಎರಡು ಡಿಗಳ ನಡುವೆ ಬಾಣವಿದ್ದರೆ ಆಸ್ಟ್ರೇಲಿಯಾ, ಬಾಣದ ಕೆಳಗೆ ಐ ಇದ್ದರೆ ನಮ್ಮ ಭಾರತ. ಆ ಸಣ್ಣ ಐ ಅಕ್ಷರವೇ ತುಕ್ಕಿನಲ್ಲಿ ಮೊದಲು ಮುಚ್ಚಿಹೋಗುವುದು. ಎರಡು ಬಾಣಗಳು ತುದಿಗೆ ತುದಿ ತಾಗಿಸಿಕೊಂಡಿದ್ದರೆ, ಸೇನೆ ಅದನ್ನು ಸೇವೆಯಿಂದ ತೆಗೆದು ಮಾರಿದೆ ಎಂದರ್ಥ.

ಬಾಣ ಮಾಲೀಕನ ಗುರುತು, ತಯಾರಕನದ್ದಲ್ಲ. ತಯಾರಕನ ಹೆಸರು ಬೇರೆ ಕಡೆ ಇರುತ್ತದೆ, ವರ್ಷ ಇನ್ನೊಂದು ಕಡೆ. ಮೂರನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ, ಆಮೇಲೆ ಜೋಡಿಸಿ.

ನನಗೆ ಅತಿ ಪ್ರೀತಿಯ ಸಾಕ್ಷಿ ಅಳತೆಯ ಅಚ್ಚು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವಿಟ್‌ವರ್ತ್ ಎಂದರೆ ಬ್ರಿಟನ್ನಿನ ಹಳೆಯ ಬೋಲ್ಟ್ ಅಳತೆಯ ಪದ್ಧತಿ; ಆ ಪಾನಾ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ಪಾನಾ ಬಾಯಿಯ ಅಗಲವಲ್ಲ. 1/2 ಡಬ್ಲ್ಯೂ ಎಂದಿರುವ ಹಳೆಯ ಪಾನಾದ ಬಾಯಿ ಸುಮಾರು 0.92 ಇಂಚು. ಯುದ್ಧದ ವೇಳೆ ಕಬ್ಬಿಣ ಉಳಿಸಲು ವಿಟ್‌ವರ್ತ್ ಬೋಲ್ಟಿನ ತಲೆಯನ್ನು ಒಂದು ಸೈಜು ಚಿಕ್ಕದು ಮಾಡಿದರು. ಆದ್ದರಿಂದ ಒಂದೇ ಬಾಯಿಯ ಮೇಲೆ 1/4 ಡಬ್ಲ್ಯೂ (ಹಳೆಯ ದೊಡ್ಡ ತಲೆಗೆ), 5/16 ಬಿಎಸ್ (ಚಿಕ್ಕ ತಲೆಗೆ) ಎಂಬ ಜೋಡಿ ಅಚ್ಚು ನೋಡಿ ಗಾಬರಿಯಾಗಬೇಡಿ, ಎರಡೂ ಸರಿಯೇ. ಅಮೆರಿಕದ ಜೀಪಿಗೆ ಈ ಪಾನಾ ಕೂರುವುದಿಲ್ಲ. ವಿಲ್ಲಿಸ್ ಜೀಪಿನ ಬ್ಯಾಗಿನಲ್ಲಿ ವಿಟ್‌ವರ್ತ್ ಪಾನಾ ಸಿಕ್ಕಿತೆಂದರೆ ಅದು ಆಮೇಲೆ ಯಾರೋ ಸೇರಿಸಿದ್ದು.

ಬೆಂಗಳೂರಿನಲ್ಲಿ ಅಮೆರಿಕದ ಟೂಲುಗಳು ಸಿಗುವುದರಲ್ಲಿ ಆಶ್ಚರ್ಯವಿಲ್ಲ. 1943ರಲ್ಲಿ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, 84ನೇ ಏರ್ ಡಿಪೋ ಆಗಿ ವಿಮಾನ ರಿಪೇರಿ ಮಾಡುತ್ತಿತ್ತು. ಹಾಗಂತ ಶಿವಾಜಿನಗರದಲ್ಲಿ ಸಿಕ್ಕ ಪ್ರತಿ 'ಯುಎಸ್' ಅಚ್ಚಿನ ಇಕ್ಕಳವೂ ಅಲ್ಲಿಂದಲೇ ಬಂತು ಎನ್ನುವ ಕತೆಯನ್ನು ನಾನು ಒಪ್ಪುವುದಿಲ್ಲ. ಸಿಕ್ಕ ಜಾಗ ಸುಳಿವು ಮಾತ್ರ.

ಸೇನೆಯ ಸಾಮಾನು ಪಟ್ಟಿಯ ಉದ್ದದ ಸ್ಟಾಕ್ ನಂಬರ್ ಇದ್ದರೆ ಕೆಲಸ ಹಗುರ. 5120ರಿಂದ ಶುರುವಾದರೆ ಅಲಗಿಲ್ಲದ ಕೈ ಉಪಕರಣ, 5110 ಆದರೆ ಅಲಗಿರುವುದು. 1950ರ ದಶಕದಿಂದ ಅಮೆರಿಕದ ನಂಬರಿನಲ್ಲಿ 11 ಅಂಕಿ ಇದ್ದವು. 1974ರಲ್ಲಿ ನಡುವೆ ದೇಶದ ಎರಡಂಕಿ ಸೇರಿ 13 ಆಯಿತು: ಅಮೆರಿಕಕ್ಕೆ 00 ಅಥವಾ 01, ಬ್ರಿಟನ್ನಿಗೆ 99, ಭಾರತಕ್ಕೆ 72. 13 ಅಂಕಿಯ ಪಾನಾವನ್ನು ಯುದ್ಧಕಾಲದ್ದೆಂದು ಮಾರಲು ಬಂದವರ ಜೊತೆ ವಾದಿಸುವ ಅಗತ್ಯವಿಲ್ಲ, ನಂಬರ್ ಎಣಿಸಿ ತೋರಿಸಿ. ಇಲ್ಲೂ ಆ ಎರಡಂಕಿ ವಸ್ತುವನ್ನು ಪಟ್ಟಿಗೆ ಸೇರಿಸಿದ ದೇಶವನ್ನು ಹೇಳುತ್ತದೆ, ತಯಾರಿಸಿದ ದೇಶವನ್ನಲ್ಲ.

ಈಚೆಗೆ ಹೊಸ ಅಚ್ಚಿನ ಕಾಟವೂ ಇದೆ. ಫೋರ್ಡ್ ತನ್ನ ಜೀಪಿನ ಬೋಲ್ಟುಗಳ ಮೇಲೂ ಎಫ್ ಅಕ್ಷರ ಒತ್ತುತ್ತಿತ್ತು. ಇವತ್ತು ಅದೇ ಎಫ್ ಇರುವ ಹೊಸ ಬೋಲ್ಟುಗಳು ಧಾರಾಳವಾಗಿ ಮಾರಾಟಕ್ಕಿವೆ. ಹೊಸ ಬೋಲ್ಟನ್ನು ಹೊಸದೆಂದೇ ಮಾರಿದರೆ ತಪ್ಪಿಲ್ಲ. ಟೂಲಿನ ವಿಷಯದಲ್ಲಿ ನಾನು ನೋಡುವುದು ಅಚ್ಚಿನ ತಳವನ್ನು. ಸುತ್ತಲೂ ತುಕ್ಕು ತಿಂದ ಗುಳಿಗಳಿದ್ದು ಅಕ್ಷರದ ತಳ ಮಾತ್ರ ನುಣುಪಾಗಿದ್ದರೆ, ಅಥವಾ ಅಕ್ಷರ ಆ ಗುಳಿಗಳನ್ನೇ ಕತ್ತರಿಸಿಕೊಂಡು ಹೋಗಿದ್ದರೆ, ಅದು ತುಕ್ಕು ಹಿಡಿದ ಮೇಲೆ ಬಿದ್ದ ಏಟು. ಸೆಟ್ಟು ಪೂರ್ತಿಯಾಗಲೆಂದು ಖಾಲಿ ಪಾನಾ ತಂದು 'ಒಂದು ಬಾಣ ಹೊಡೆದುಕೊಡಿ' ಎನ್ನುವ ಗಿರಾಕಿಗಳಿದ್ದಾರೆ. ಅವರಿಗೆ ಪಾನಾ ತೊಳೆದು, ಎಣ್ಣೆ ಹಚ್ಚಿ, ಬಾಣವಿಲ್ಲದೆಯೇ ವಾಪಸ್ ಕೊಡುತ್ತೇನೆ.