ಎರಡು ವರ್ಷದ ಕಾಲೇಜ್ ನಡೆಸೋಕೂ ಡಾಕ್ಟರೇಟ್ ಬೇಕಾ?

ಊರಿಗೆ ಫೋನ್ ಮಾಡಿದಾಗ, ಇಲ್ಲಿನ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ, ಯಾರಾದರೂ ಹೊಸದಾಗಿ ಪರಿಚಯವಾದಾಗ ನನಗೆ ಎದುರಾಗುವ ಪ್ರಶ್ನೆ ಒಂದೇ. "ಕಮ್ಯುನಿಟಿ ಕಾಲೇಜ್ ಅಂದ್ರೆ ಎರಡು ವರ್ಷದ ಕಾಲೇಜು. ಅದನ್ನ ನಡೆಸೋದು ಕಲಿಯೋಕೆ ಮೂರು ವರ್ಷ ಡಾಕ್ಟರೇಟ್ ಓದಬೇಕಾ?" ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತರಾದ ನಮ್ಮ ಚಿಕ್ಕಪ್ಪ ಇನ್ನೂ ನೇರವಾಗಿ ಕೇಳುತ್ತಾರೆ: "ಅಲ್ಲಮ್ಮಾ, ಒಳ್ಳೆ ಮೇಷ್ಟ್ರನ್ನ ಪ್ರಿನ್ಸಿಪಾಲ್ ಮಾಡಿದ್ರೆ ಸಾಲದಾ?"

ಕೇಳುವವರ ಮಾತಿನಲ್ಲಿ ಕೊಂಕೇನಿಲ್ಲ. ನಮ್ಮ ಕಡೆ ಪ್ರಿನ್ಸಿಪಾಲ್ ಅಂದರೆ ಸೀನಿಯಾರಿಟಿಯಲ್ಲಿ ಎಲ್ಲರಿಗಿಂತ ಮೇಲಿರುವ ಮೇಷ್ಟ್ರು. ಎಷ್ಟೋ ಸರ್ಕಾರಿ ಕಾಲೇಜುಗಳು ಪ್ರಭಾರ ಪ್ರಾಂಶುಪಾಲರ ಕೈಯಲ್ಲೇ ವರ್ಷಗಟ್ಟಲೆ ನಡೆದಿವೆ. ಹಾಗಾಗಿ ಕಾಲೇಜು ನಡೆಸುವುದಕ್ಕೂ ಒಂದು ಓದು ಇದೆ ಅಂದರೆ ಆಶ್ಚರ್ಯ ಆಗುವುದು ಸಹಜ. ನಾನು ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ದಾಖಲಾತಿ ನೋಡಿಕೊಳ್ಳುವ ವಿಭಾಗದಲ್ಲಿ ಇದ್ದೇನೆ. ಕೆಲಸ ಮಾಡುತ್ತಲೇ ಎಡ್.ಡಿ. ಓದಿದೆ, ಅಂದರೆ ಕಾಲೇಜು ನಡೆಸುವವರಿಗಾಗಿ ನಾಯಕತ್ವ, ಆಡಳಿತ, ನೀತಿ ಕಲಿಸುವ ಶಿಕ್ಷಣದ ಡಾಕ್ಟರೇಟ್. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ನನ್ನ ಉತ್ತರವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಡಾಕ್ಟರೇಟ್ ಕಡ್ಡಾಯ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಡೀನ್ ಆಗಲು ಕನಿಷ್ಠ ಅರ್ಹತೆ ಒಂದು ಮಾಸ್ಟರ್ಸ್ ಪದವಿ, ಜೊತೆಗೆ ಆ ಕೆಲಸಕ್ಕೆ ಹೊಂದುವಂಥ ಒಂದು ವರ್ಷದ ಮುಂದಾಳತ್ವದ ಅನುಭವ ಅಥವಾ ತರಬೇತಿ. ಕಾಲೇಜಿನ ಅಧ್ಯಕ್ಷರ ಹುದ್ದೆಗೆ ಬರುವ ಜಾಹೀರಾತಿನಲ್ಲಿ ಮಾತ್ರ 'ಡಾಕ್ಟರೇಟ್ ಇದ್ದರೆ ಆದ್ಯತೆ' ಅನ್ನುವ ಸಾಲು ಸಾಮಾನ್ಯ. ಬಡ್ತಿಗಾಗಿ ಓದುವವರು ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ನನಗೆ ಈ ಓದು ಬೇಕಾಗಿದ್ದಕ್ಕೆ ಬೇರೆ ಕಾರಣ ಇತ್ತು. ಅದನ್ನು ಹೇಳುವ ಮೊದಲು ಈ ಕಾಲೇಜುಗಳು ಎಂಥವು ಅಂತ ಹೇಳಬೇಕು.

ಅಮೆರಿಕದ ಅತಿ ಹಳೆಯ ಸರ್ಕಾರಿ ಕಮ್ಯುನಿಟಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿದೆ. 1901ರಲ್ಲಿ ಆರು ಜನ ವಿದ್ಯಾರ್ಥಿಗಳೊಂದಿಗೆ ಒಂದು ಹೈಸ್ಕೂಲಿನಲ್ಲೇ ಶುರುವಾಯಿತು. ಆಗ ಅದನ್ನು ಜೂನಿಯರ್ ಕಾಲೇಜ್ ಅನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇಂಥ ಕಾಲೇಜುಗಳು ದೇಶದ ತುಂಬ ಬೇಕು ಅಂತ ವರದಿ ಕೊಟ್ಟಿತು. 1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಕಮ್ಯುನಿಟಿ ಕಾಲೇಜು ಮಾತ್ರ ಎಲ್ಲರಿಗೂ. ಇವತ್ತು ಈ ರಾಜ್ಯದಲ್ಲೇ 116 ಕಮ್ಯುನಿಟಿ ಕಾಲೇಜುಗಳಿವೆ. ಇಲ್ಲಿಯವರಿಗೆ ಫೀಸು ಒಂದು ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್.

'ಎಲ್ಲರಿಗೂ' ಅಂದರೆ ನಿಜವಾಗಿಯೂ ಎಲ್ಲರಿಗೂ. ರ‍್ಯಾಂಕ್ ಕೇಳುವುದಿಲ್ಲ, ಮಾರ್ಕ್ಸ್ ಕಾರ್ಡ್ ನೋಡಿ ವಾಪಸ್ ಕಳಿಸುವುದಿಲ್ಲ. ಒಂದೇ ಕೋಣೆಯಲ್ಲಿ, ಇಲ್ಲಿ ಎರಡು ವರ್ಷ ಓದಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗಲು ಹೊರಟ ಹದಿನೆಂಟರ ಹುಡುಗ ಇರುತ್ತಾನೆ. ಪಕ್ಕದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನಲವತ್ತೈದರ ಟ್ರಕ್ ಡ್ರೈವರ್. ಹಿಂದಿನ ಸಾಲಿನಲ್ಲಿ, ಗಂಡನ ಕೆಲಸಕ್ಕಾಗಿ ಮೈಸೂರಿನಿಂದ ಬಂದು ಎಷ್ಟೋ ವರ್ಷದ ಮೇಲೆ ಮತ್ತೆ ಪುಸ್ತಕ ಹಿಡಿದ ಅಕ್ಕ. ಆರಿಸಿ ತೆಗೆದುಕೊಂಡ ಮಕ್ಕಳಿಗೆ ಪಾಠ ಹೇಳುವ ಕಾಲೇಜೇ ಬೇರೆ, ಬಂದವರಿಗೆಲ್ಲ ಬಾಗಿಲು ತೆಗೆಯುವ ಕಾಲೇಜೇ ಬೇರೆ. ಇಲ್ಲಿ ಸೇರುವುದು ಸುಲಭ. ಮುಗಿಸುವುದು ಕಷ್ಟ. ಯಾಕೆ ಮುಗಿಸುತ್ತಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಬಹಳ ಸಲ ತರಗತಿಯ ಹೊರಗೆ, ಯಾವುದೋ ನಿಯಮದಲ್ಲಿ ಕೂತಿರುತ್ತದೆ. ನನ್ನ ಉತ್ತರದ ತಿರುಳು ಇಷ್ಟೇ.

ಒಂದು ಲೆಕ್ಕ ನೋಡಿ. ಹಿಂದೆ ಇಲ್ಲಿ ಸೇರಿದ ತಕ್ಷಣ ಯಾವ ಮಟ್ಟದ ತರಗತಿಗೆ ಕೂರಿಸಬೇಕು ಅಂತ ನೋಡುವ ಒಂದು ಪ್ಲೇಸ್‌ಮೆಂಟ್ ಟೆಸ್ಟ್ ಇರುತ್ತಿತ್ತು. ಗಣಿತದಲ್ಲಿ ಕಡಿಮೆ ಬಂದರೆ ಕೆಳಗಿನ ಮೆಟ್ಟಿಲಿಗೆ ಇಳಿಸುತ್ತಿದ್ದರು. ಕೆಲವರು ಕಾಲೇಜು ಮಟ್ಟದ ಗಣಿತಕ್ಕಿಂತ ಮೂರು ಮೆಟ್ಟಿಲು ಕೆಳಗೆ. ಈ ಮೆಟ್ಟಿಲುಗಳಿಗೆ ಪದವಿಯ ಕ್ರೆಡಿಟ್ ಇಲ್ಲ, ಆದರೆ ಸಮಯ ಹೋಗುತ್ತದೆ, ಫೀಸೂ ಹೋಗುತ್ತದೆ. ಈಗ ನೂರು ಜನ ಮೂರು ಮೆಟ್ಟಿಲು ಕೆಳಗಿನಿಂದ ಹೊರಟರು ಅಂದುಕೊಳ್ಳಿ. ಪ್ರತಿ ಮೆಟ್ಟಿಲಲ್ಲೂ ಶೇ. 70 ಜನ ಪಾಸಾಗುತ್ತಾರೆ. ಕೆಟ್ಟ ಫಲಿತಾಂಶ ಅಲ್ಲ, ಅಲ್ವಾ? ಪಾಸಾದವರಲ್ಲಿ ಶೇ. 80 ಜನ ಮುಂದಿನ ಸೆಮಿಸ್ಟರ್‌ಗೆ ಸೇರುತ್ತಾರೆ. ಉಳಿದವರಿಗೆ ಕೆಲಸದ ಪಾಳಿ ಬದಲಾಯಿತು, ಮಗು ಹುಟ್ಟಿತು, ಕಾರು ಕೆಟ್ಟಿತು. ನೂರರಲ್ಲಿ 70 ಪಾಸು, 56 ಮುಂದಕ್ಕೆ. ಆ 56ರಲ್ಲಿ 39 ಪಾಸು, 31 ಮುಂದಕ್ಕೆ. ಆ 31ರಲ್ಲಿ 22 ಪಾಸು, 18 ಜನ ಕೊನೆಗೂ ಕಾಲೇಜು ಮಟ್ಟದ ಗಣಿತದ ಬಾಗಿಲಿಗೆ ಬಂದರು. ಅದರಲ್ಲಿ ಪಾಸಾದವರು 12.

ನೂರಕ್ಕೆ ಹನ್ನೆರಡು! ನಾಲ್ಕು ತರಗತಿಯ ನಾಲ್ಕು ಮೇಷ್ಟ್ರುಗಳಲ್ಲಿ ಒಬ್ಬರೂ ಪಾಠ ಸರಿಯಾಗಿ ಮಾಡಲಿಲ್ಲ ಅನ್ನುವ ಹಾಗಿಲ್ಲ. ಅವರವರ ಕೋಣೆಯಲ್ಲಿ ಎಲ್ಲರ ಫಲಿತಾಂಶವೂ ಚೆನ್ನಾಗಿದೆ. 88 ಜನ ಹೋಗಿದ್ದು ಮಾತ್ರ ಯಾವ ಕೋಣೆಯಲ್ಲಿ ನಿಂತು ನೋಡಿದರೂ ಕಾಣುವುದಿಲ್ಲ.

ಚಿಕ್ಕಪ್ಪನಿಗೆ ಈ ಲೆಕ್ಕ ಹೇಳಿದಾಗ ಅವರು ಪೇಪರ್ ತರಿಸಿ ತಾವೇ ಮಾಡಿ ನೋಡಿದರು. ಆಮೇಲೆ ಕೇಳಿದ್ದು ಒಳ್ಳೆಯ ಪ್ರಶ್ನೆ: "ಇದನ್ನ ಕಂಡುಹಿಡಿದೋರು ಯಾರು?" ಇಲ್ಲಿ ಅವರ ಮಾತಿಗೂ ಬಲ ಇದೆ. ಈ ಗುಣಾಕಾರವನ್ನು ಎತ್ತಿ ತೋರಿಸಿ ಊರೂರಿಗೆ ಹೇಳಿದವರು ಪಾಠ ಮಾಡುವವರೇ. ಲಾಸ್ ಮೆದಾನೋಸ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಮೈರಾ ಸ್ನೆಲ್, ಶಬೋ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೇಟೀ ಹರ್ನ್. 2010ರಲ್ಲಿ ಇಬ್ಬರೂ ಸೇರಿ ಕ್ಯಾಲಿಫೋರ್ನಿಯಾ ಆಕ್ಸಲರೇಶನ್ ಪ್ರಾಜೆಕ್ಟ್ ಕಟ್ಟಿದರು. ಕೊನೆಗೆ 2017ರಲ್ಲಿ ಎಬಿ 705 ಅನ್ನುವ ಕಾನೂನು ಬಂತು. ಹೈಸ್ಕೂಲಿನ ಅಂಕಗಳನ್ನು ನೋಡಿ, ಒಂದು ವರ್ಷದೊಳಗೆ ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಅವಕಾಶ ಜಾಸ್ತಿ ಇರುವ ಕಡೆ ವಿದ್ಯಾರ್ಥಿಯನ್ನು ಕೂರಿಸಬೇಕು ಅಂತ ಅದು ಹೇಳಿತು. ಈಗ ಬಹಳ ಮಕ್ಕಳು ನೇರವಾಗಿ ಕಾಲೇಜು ಮಟ್ಟದ ತರಗತಿಗೇ ಸೇರುತ್ತಾರೆ. ಜೊತೆಗೇ ಒಂದು ಸಹಾಯದ ತರಗತಿ. ವರ್ಷದೊಳಗೆ ಗಣಿತ ದಾಟುವವರು ಮೊದಲಿಗಿಂತ ಎಷ್ಟೋ ಜಾಸ್ತಿಯಾಗಿದ್ದಾರೆ. ಬುನಾದಿ ಇಲ್ಲದ ಮಕ್ಕಳು ಅಲ್ಲಿ ಮುಗ್ಗರಿಸುತ್ತಾರೆ ಅಂತ ವಿರೋಧಿಸುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಹಳೆಯ ಮೆಟ್ಟಿಲುಗಳಿಗೆ ವಾಪಸ್ ಹೋಗಬೇಕು ಅಂದರೆ ನಾನು ಒಪ್ಪುವುದಿಲ್ಲ.

ಅಂದರೆ ಒಳ್ಳೆ ಮೇಷ್ಟ್ರೇ ಇದನ್ನು ಮಾಡಬಲ್ಲರು. ಆದರೆ ತನ್ನ ಕೋಣೆಯಿಂದ ಹೊರಗೆ ಬಂದು ಇಡೀ ಕಾಲೇಜಿನ ಲೆಕ್ಕ ಓದಲು, ಸಹೋದ್ಯೋಗಿಗಳನ್ನು ಒಪ್ಪಿಸಲು, ಕಾನೂನಿನ ಭಾಷೆಯಲ್ಲಿ ಮಾತಾಡಲು ಕಲಿತ ಮೇಲೆ. ನಾಯಕತ್ವ, ಆಡಳಿತ, ನೀತಿ ಮೂರನ್ನೂ ಒಂದೇ ಪದವಿಯಲ್ಲಿ ಯಾಕೆ ಕಟ್ಟಿಹಾಕಿದ್ದಾರೆ ಅಂತ ಮೊದಮೊದಲು ನನಗೂ ಅನ್ನಿಸುತ್ತಿತ್ತು. ಅದು ಬಿಡಿಸಿ ಅರ್ಥವಾಗಿದ್ದು ನ್ಯೂಯಾರ್ಕಿನ ಒಂದು ಉದಾಹರಣೆಯಿಂದ.

ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಎಎಸ್‌ಎಪಿ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಫುಲ್ ಟೈಮ್ ಓದಬೇಕು ಅನ್ನುವುದು ಷರತ್ತು. ಬದಲಿಗೆ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಕರೆಯುವ ಒಬ್ಬ ಸಲಹೆಗಾರರು, ಪುಸ್ತಕಕ್ಕೆ ಸಹಾಯ, ಬಸ್ಸು–ಸಬ್‌ವೇಗೆ ಉಚಿತ ಮೆಟ್ರೋಕಾರ್ಡ್. ಎಂಡಿಆರ್‌ಸಿ ಅನ್ನುವ ಸಂಸ್ಥೆ ಚೀಟಿ ಎತ್ತಿದ ಹಾಗೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷೆ ಮಾಡಿತು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಎಎಸ್‌ಎಪಿ ಸಿಕ್ಕ ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 22. ತಲೆಗೆ ಖರ್ಚು ಜಾಸ್ತಿ ಬಿತ್ತು, ನಿಜ. ಆದರೆ ಮುಗಿಸಿದವರೂ ಅಷ್ಟು ಜಾಸ್ತಿ ಇದ್ದಿದ್ದರಿಂದ, ಒಂದೊಂದು ಪದವಿಗೆ ತಗುಲಿದ ಖರ್ಚು ಕಡಿಮೆಯೇ ಆಯಿತು.

ಇದನ್ನು ಓದಿದ ಯಾರಿಗಾದರೂ ನಮ್ಮಲ್ಲೂ ಸಲಹೆಗಾರರನ್ನು ನೇಮಿಸೋಣ ಅನ್ನಿಸುತ್ತದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 'ಐವತ್ತು ಪರ್ಸೆಂಟ್ ಕಾನೂನು' ಅಂತ ಒಂದಿದೆ, 1961ರಿಂದ. ಪ್ರತಿ ಜಿಲ್ಲೆ (ಇಲ್ಲಿ ಜಿಲ್ಲೆ ಅಂದರೆ ಒಂದೋ ಹಲವೋ ಕಮ್ಯುನಿಟಿ ಕಾಲೇಜುಗಳನ್ನು ನಡೆಸುವ ಆಡಳಿತ ಘಟಕ) ತನ್ನ ಶಿಕ್ಷಣ ವೆಚ್ಚದಲ್ಲಿ ಕನಿಷ್ಠ ಅರ್ಧವನ್ನು ತರಗತಿಯಲ್ಲಿ ಪಾಠ ಮಾಡುವವರ ಸಂಬಳಕ್ಕೇ ಇಡಬೇಕು. ದುಡ್ಡೆಲ್ಲ ಆಫೀಸಿಗೆ ಹೋಗಬಾರದು ಅನ್ನುವ ಒಳ್ಳೆಯ ಉದ್ದೇಶ. ಆದರೆ ಆ ಲೆಕ್ಕದಲ್ಲಿ ಕೌನ್ಸೆಲರ್, ಲೈಬ್ರರಿಯನ್ ಇಬ್ಬರೂ ಆಫೀಸಿನ ಪಾಲಿಗೇ ಬರುತ್ತಾರೆ. ಸಲಹೆಗಾರರನ್ನು ಹೆಚ್ಚಿಸಿದಷ್ಟೂ ಕಾನೂನಿನ ಅಂಚಿಗೆ ಹತ್ತಿರ. ಸಂಶೋಧನೆ ಒಂದು ಹೇಳುತ್ತದೆ, ಬಜೆಟ್ ಇನ್ನೊಂದು ಹೇಳುತ್ತದೆ, ಅಧ್ಯಾಪಕರ ಸಂಘ ಆ ಕಾನೂನನ್ನು ಮುಟ್ಟಬೇಡಿ ಅನ್ನುತ್ತದೆ. ಸಂಘಕ್ಕೂ ಅದರದೇ ನ್ಯಾಯವಾದ ಕಾರಣಗಳಿವೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ ದಾರಿ ಹುಡುಕುವವರಿಗೆ ಮೂರೂ ಗೊತ್ತಿರಬೇಕು.

ಕೆಳಗಿನ ಹಂತದಲ್ಲೂ ಇದೇ ಕಥೆ. ಸೆಮಿಸ್ಟರ್ ಶುರುವಾಗುವ ವಾರ ಡೀನ್‌ಗಳ ಮುಂದೆ ಒಂದು ಸ್ಪ್ರೆಡ್‌ಶೀಟ್ ತೆರೆದಿರುತ್ತದೆ. ಕಡಿಮೆ ಜನ ಸೇರಿದ ತರಗತಿಗಳ ಸಾಲಿಗೆ ಹಳದಿ ಬಣ್ಣ. ಮಂಗಳವಾರ, ಗುರುವಾರ ಸಂಜೆಯ ಕ್ಯಾಲ್ಕುಲಸ್, 35 ಸೀಟು, ಸೇರಿದವರು 11. ರಾಜ್ಯದಿಂದ ಬರುವ ದುಡ್ಡಿನ ಬಹುಪಾಲು ನಿಲ್ಲುವುದು ಎಫ್‌ಟಿಇಎಸ್ ಅನ್ನುವ ಲೆಕ್ಕದ ಮೇಲೆ: 525 ಗಂಟೆ ತರಗತಿ ಅಂದರೆ ಒಬ್ಬ ಪೂರ್ಣ ವಿದ್ಯಾರ್ಥಿ. ತಲೆ ಎಣಿಸುವುದು ಸೆನ್ಸಸ್ ದಿನ, ಅಂದರೆ ಸೆಮಿಸ್ಟರಿನ ಐದನೇ ಒಂದು ಭಾಗ ಕಳೆಯುವ ಹೊತ್ತಿಗೆ. ಹನ್ನೊಂದು ಜನರ ತರಗತಿ ಲೆಕ್ಕಕ್ಕೆ ನಷ್ಟ. ಸುಮ್ನೆ ಒಂದು ಕ್ಲಿಕ್, ರದ್ದು. ಆಮೇಲೆ ಆ ಹನ್ನೊಂದು ಜನರಿಗೆ ಫೋನ್ ಮಾಡುವುದು ನಮ್ಮಂಥವರು. ಏರ್‌ಪೋರ್ಟಿನಲ್ಲಿ ಬ್ಯಾಗೇಜ್ ಕೆಲಸ ಮಾಡುವ ಒಬ್ಬರು "ಸಂಜೆ ಬಿಟ್ರೆ ನಂಗೆ ಬೇರೆ ಹೊತ್ತಿಲ್ಲ, ಹಾಗಾದ್ರೆ ಮುಂದಿನ ವರ್ಷ ನೋಡ್ತೀನಿ" ಅಂದಿದ್ದರು. ಎಂಜಿನಿಯರಿಂಗ್‌ಗೆ ಟ್ರಾನ್ಸ್‌ಫರ್ ಆಗಲು ಅವರಿಗೆ ಉಳಿದಿದ್ದು ಅದೊಂದೇ ಗಣಿತ. ಈ ಓದು ಕಲಿಸುವುದು ಆ ಹಳದಿ ಸಾಲಿನ ಪಕ್ಕ ಇನ್ನೊಂದು ಕಾಲಂ ಸೇರಿಸುವುದನ್ನು: ಇವರಲ್ಲಿ ಎಷ್ಟು ಜನ ಕೊನೆಯ ಹಂತದಲ್ಲಿದ್ದಾರೆ? ಪಕ್ಕದ ಕಾಲೇಜಿನಲ್ಲಿ ಇದೇ ತರಗತಿ ಇದೆಯಾ? ನಷ್ಟದಲ್ಲೇ ನಡೆಸಿದರೆ ಬೇರೆ ಎಲ್ಲಿ ಸರಿದೂಗಿಸಬಹುದು?

ಆ ತರಗತಿಯ ಮೇಷ್ಟ್ರ ಪಾಡೂ ಹೇಳಬೇಕು. ಅವರು ಪಾರ್ಟ್ ಟೈಮ್. ಒಂದು ಜಿಲ್ಲೆಯಲ್ಲಿ ಪೂರ್ಣಾವಧಿಯ ಶೇ. 67ಕ್ಕಿಂತ ಜಾಸ್ತಿ ಪಾಠ ಅವರಿಗೆ ಕೊಡುವ ಹಾಗಿಲ್ಲ. ಹೀಗಾಗಿ ಎರಡು ಮೂರು ಜಿಲ್ಲೆಗಳ ನಡುವೆ ಕಾರಿನಲ್ಲೇ ಓಡಾಟ. ಇಂಥವರಿಗೆ 'ಫ್ರೀವೇ ಫ್ಲೈಯರ್ಸ್' ಅಂತಲೇ ಹೆಸರು. ನಮ್ಮ ಅತಿಥಿ ಉಪನ್ಯಾಸಕರನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಓದು ಹೊಸದೇನಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯ ಆಸ್ಟಿನ್‌ನಲ್ಲಿ 1944ರಲ್ಲೇ ಶುರು ಮಾಡಿತ್ತು. 1960ರ ದಶಕದಲ್ಲಿ ನೂರಾರು ಹೊಸ ಕಾಲೇಜುಗಳು ತೆರೆದಾಗ ನಡೆಸುವವರೇ ಸಾಲದೆ, ಕೆಲ್ಲಾಗ್ ಫೌಂಡೇಶನ್ ಹಲವು ವಿಶ್ವವಿದ್ಯಾಲಯಗಳಿಗೆ ದುಡ್ಡು ಕೊಟ್ಟು ಇಂಥ ಕೋರ್ಸುಗಳನ್ನು ಬೆಳೆಸಿತು. (ಹೌದು, ಕಾರ್ನ್ ಫ್ಲೇಕ್ಸ್‌ನ ಕೆಲ್ಲಾಗ್ ಅವರೇ.) ನಾನು ಓದಿದಂಥ ಕ್ಯಾಲಿಫೋರ್ನಿಯಾದ ಸ್ಟೇಟ್ ಯೂನಿವರ್ಸಿಟಿಗಳಿಗೆ ಸ್ವಂತವಾಗಿ ಎಡ್.ಡಿ. ಕೊಡುವ ಅಧಿಕಾರ ಸಿಕ್ಕಿದ್ದು 2005ರ ಒಂದು ಕಾನೂನಿನಿಂದ. 60 ಯೂನಿಟ್, ಸುಮಾರು ಮೂರು ವರ್ಷ, ಸಂಜೆ ಮತ್ತು ಶನಿವಾರದ ತರಗತಿಗಳು. ಸಹಪಾಠಿಗಳೆಲ್ಲ ಕೆಲಸದಲ್ಲಿರುವವರೇ. ಬಜೆಟ್, ಕಾನೂನು, ಅಂಕಿಅಂಶ, ಸಂಶೋಧನಾ ವಿಧಾನ, ಕೊನೆಗೆ ನಮ್ಮ ಕೆಲಸದಲ್ಲೇ ಎದುರಾಗುವ ಒಂದು ಸಮಸ್ಯೆಯ ಮೇಲೆ ಪ್ರಬಂಧ.

ಯಾರಿಗೆ ಬೇಡ ಅಂತಲೂ ಹೇಳುತ್ತೇನೆ. ಪಾಠ ಮಾಡುವುದೇ ನಿಮ್ಮ ಜೀವ ಅಂದರೆ ಇದಕ್ಕೆ ಬರಬೇಡಿ, ಕೋಣೆಯಿಂದ ಹೊರಗೆಳೆಯುತ್ತದೆ. ಸಂಶೋಧನೆಯೇ ಇಷ್ಟ ಅಂದರೆ ಪಿಎಚ್.ಡಿ. ನೋಡಿ. ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಕಮ್ಯುನಿಟಿ ಕಾಲೇಜುಗಳಿಗಾಗಿಯೇ 1996ರಿಂದ ಒಂದು ಸಂಶೋಧನಾ ಕೇಂದ್ರವಿದೆ. ಕರ್ನಾಟಕದಲ್ಲೇ ಕೆಲಸ ಮಾಡುವವರು ಇದಕ್ಕಾಗಿ ಸಾಲ ಮಾಡಿ ಇಲ್ಲಿಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಕಲಿಯುವ ಅರ್ಧಕ್ಕರ್ಧ ಈ ರಾಜ್ಯದ ಕಾನೂನುಗಳು. ದೆಹಲಿಯ ನೀಪಾ ಶಿಕ್ಷಣ ಯೋಜನೆ ಮತ್ತು ಆಡಳಿತಕ್ಕೆಂದೇ ಇರುವ ಸಂಸ್ಥೆ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದಲ್ಲಿ ಎಂ.ಎ. ಇದೆ. ಮೊದಲು ಅವುಗಳನ್ನು ನೋಡಿ.

ಇಲ್ಲೇ ಇದ್ದು ಸೇರುವ ಯೋಚನೆ ಇರುವವರು ಅರ್ಜಿ ಹಾಕುವ ಮೊದಲು ನಿಮ್ಮ ಹತ್ತಿರದ ಕಾಲೇಜಿನ ಟ್ರಸ್ಟಿಗಳ, ಅಂದರೆ ಆಡಳಿತ ಮಂಡಳಿಯ, ಸಭೆಗೆ ಒಮ್ಮೆ ಹೋಗಿ ಕೂತುಕೊಳ್ಳಿ. ಸಭೆ ಸಾರ್ವಜನಿಕ. ಮಾಮೂಲಿ ಸಭೆಯಾದರೆ ಅಜೆಂಡಾ 72 ಗಂಟೆ ಮೊದಲೇ ಪ್ರಕಟವಾಗಿರಬೇಕು ಅಂತ ಇಂಥ ಸಾರ್ವಜನಿಕ ಸಭೆಗಳ ಕಾನೂನಾದ ಬ್ರೌನ್ ಆಕ್ಟ್ ಹೇಳುತ್ತದೆ. ಅಜೆಂಡಾದ ಜೊತೆಗಿರುವ ಬಜೆಟ್ ಪುಟಗಳನ್ನು ಓದಿಕೊಂಡು ಹೋಗಿ. ಕೊನೆಯವರೆಗೂ ಕೂತು, ಮನೆಗೆ ಬರುವಾಗ 'ಆ ದುಡ್ಡನ್ನ ಅಲ್ಲಿಂದ ಯಾಕೆ ತೆಗೆದರು' ಅನ್ನುವ ಪ್ರಶ್ನೆ ತಲೆಯಲ್ಲಿ ಉಳಿದಿದ್ದರೆ ನನಗೆ ಬರೆಯಿರಿ, ಯಾವ ಕೋರ್ಸು ಹೊಂದುತ್ತದೆ ಅಂತ ಕೂತು ಮಾತಾಡೋಣ.